‘ನಮಗ ಸೂತಕ ಇಲ್ಲ’



ಇಲ್ಲಿ ಮಾತಾಡೋಕೆ ಕರೆದಾಗ ನಾನು ಮೊದಲು ಕೇಳಿದ್ದು, ಸಾಫ್ಟ್‌ವೇರ್ ಬಗ್ಗೆ ಮಾತಾಡ್ಲಾ ಅಂತ. "ಬ್ಯಾಡ್ರಿ, ಅದನ್ನ ಮಾತಾಡೋರು ಭಾಳ ಮಂದಿ ಅದಾರ. ನಿಮ್ಮ ಮನೀದು ಏನರ ಹೇಳ್ರಿ" ಅಂದ್ರು. ಹಂಗಾಗಿ ಇವತ್ತು ಹೇಳೋದು ನಮ್ಮ ಮನೆ ಮಾತು. ನಮ್ಮ ಅವ್ವನ ಒಪ್ಪಿಗೆ ತಗೊಂಡೇ ಬಂದೀನಿ.

ನಾನು ಇಂಡಿ ತಾಲೂಕಿನವನು. ವಿಜಯಪುರ ಜಿಲ್ಲೆ, ಭೀಮಾ ನದಿ ಈಚೆ. ಲಿಂಬೆ ತೋಟ ಇರೋ ಊರು. 2013ರಲ್ಲಿ ಎಂ.ಟೆಕ್ ಮುಗಿಸಿ ಪುಣೆಗೆ ಬಂದೆ. ಕಂಪನಿ ಹಿಂಜವಡಿಯಲ್ಲಿ, ಮನೆ ಮಾತ್ರ ಊರಿನ ಇನ್ನೊಂದು ತುದಿ, ಧನಕವಡಿಯಲ್ಲಿ. ಅಲ್ಲಿ ಬಾಡಿಗೆ ಕಡಿಮೆ ಇತ್ತು, ಅದೇ ಕಾರಣ. ಆಮೇಲೆ ಅದೇ ಸೊಸೈಟಿಯಲ್ಲಿ ಫ್ಲ್ಯಾಟ್ ತಗೊಂಡ್ವಿ.

ಧನಕವಡಿ ನೋಡದವರಿಗೆ ಹೇಳ್ತೀನಿ. ಸ್ವಾರಗೇಟ್‌ನಿಂದ ಸಾತಾರಾ ರಸ್ತೆ ಹಿಡಿದು ಕಾತ್ರಜ್ ಕಡೆ ಹೊರಟರೆ ದಾರಿಯಲ್ಲಿ ಶಂಕರ ಮಹಾರಾಜರ ಮಠ ಸಿಗುತ್ತೆ. 1947ರಲ್ಲಿ ಸಮಾಧಿಯಾದ ಸತ್ಪುರುಷರು ಅವರು. ಗುರುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಭಕ್ತರು ಹೂವು ಹಣ್ಣಿನ ಜೊತೆಗೆ ಸಿಗರೇಟನ್ನೂ ಅರ್ಪಿಸ್ತಾರೆ. ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ನನ್ನ ಜೊತೆ ಬಂದಿದ್ದ ಎರಡನೇ ಮಹಡಿಯ ಕಾಕಾ ನಗಲಿಲ್ಲ. "ಅವರಿಗೆ ಪ್ರೀತಿ ಇದ್ದದ್ದನ್ನ ಕೊಡ್ತೀವಿ" ಅಂದ್ರು, ಅಷ್ಟೆ. ನನಗೆ ನಾಚಿಕೆಯಾಯ್ತು. ಅವತ್ತಿನಿಂದ ಒಂದು ತೀರ್ಮಾನ ಮಾಡಿಕೊಂಡೆ: ಇವರ ನಂಬಿಕೆ ಬಗ್ಗೆ ಬಾಯಿ ಬಿಡಬಾರದು, ನಮ್ಮದರ ಬಗ್ಗೆಯೂ ಬಿಡಬಾರದು. ಎರಡನೇದು ಯಾಕೆ ಸೇರಿಸಿಕೊಂಡೆನೋ ಗೊತ್ತಿಲ್ಲ.

ನಾವು ಲಿಂಗಾಯತರು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳೋರು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡೋರು. ನಾನು ಮಾತ್ರ ಹಾಸ್ಟೆಲಿನಲ್ಲಿದ್ದಾಗಲೇ ತೆಗೆದಿಟ್ಟಿದ್ದೆ. ದೊಡ್ಡ ವಿಚಾರ ಏನೂ ಮಾಡಿರಲಿಲ್ಲ ನೋಡ್ರಿ. ಸ್ನಾನದ ಹೊತ್ತಿಗೆ ರೂಮ್‌ಮೇಟ್‌ಗಳು "ಇದೇನೋ ಡಬ್ಬಿ" ಅಂತ ಕೇಳ್ತಿದ್ರು, ಉತ್ತರ ಕೊಟ್ಟು ಬೇಸರ ಬಂತು, ಪೆಟ್ಟಿಗೆಯಲ್ಲಿಟ್ಟೆ. ಪುಣೆಗೆ ಬಂದ ಮೇಲೆ ಅದು ಪೆಟ್ಟಿಗೆಯಿಂದ ಕಪಾಟಿಗೆ ಹೋಯ್ತು.

ಸೊಸೈಟಿಯಲ್ಲಿ ನಮಗೆ "ಕರ್ನಾಟಕವಾಲೇ" ಅಂತ ಹೆಸರು. ಗಣಪತಿ ಬಂದರೆ ವರ್ಗಣಿ ಕೊಡ್ತಿದ್ದೆ, ಆರತಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ. ಒಂದು ವರ್ಷ ಸತ್ಯನಾರಾಯಣ ಪೂಜೆಗೆ ದಂಪತಿ ಬೇಕು ಅಂದಾಗ ನಾನೂ ನನ್ನ ಹೆಂಡತಿಯೂ ಕೂತಿದ್ವಿ. ಫೋಟೋ ನೋಡಿ ಅಪ್ಪ ಫೋನಿನಲ್ಲಿ, "ಏನಪಾ, ಭಟ್ಟರ ಮುಂದ ಕುಂತೀಯಲ್ಲ" ಅಂತ ನಕ್ಕಿದ್ದ. ಯಾರಾದರೂ "ನಿಮ್ಮಲ್ಲೂ ಹೀಗೇನಾ?" ಅಂತ ಕೇಳಿದರೆ ನನ್ನ ಉತ್ತರ ಒಂದೇ: "ಹೋ, ಸಗಳಂ ಸೇಮ್." ಎಲ್ಲ ಒಂದೇ. ಒಂಬತ್ತು ವರ್ಷ ಇದನ್ನೇ ಹೇಳಿಕೊಂಡು ಬಂದೆ.

ನಮ್ಮ ಊರಲ್ಲೂ ಗಣಪತಿ ಕೂಡಿಸ್ತಾರೆ, ನಮ್ಮ ಓಣಿಯವರು ಪಂಢರಪುರಕ್ಕೂ ಹೋಗ್ತಾರೆ. ಪುಸ್ತಕದಲ್ಲಿರೋ ಲಿಂಗಾಯತ ಧರ್ಮ ಬೇರೆ, ಓಣಿಯಲ್ಲಿರೋದು ಬೇರೆ. ಹಾಗಾಗಿ "ಸೇಮ್" ಅನ್ನೋದು ಪೂರ್ತಿ ಸುಳ್ಳೂ ಅಲ್ಲ. ಆದರೆ ಸಾವು ಬಂದಾಗ ಈ ಉತ್ತರ ಕೆಲಸಕ್ಕೆ ಬರಲಿಲ್ಲ.

2022ರ ಆಗಸ್ಟ್ 23. ಅಪ್ಪ ಹೃದಯದ ತೊಂದರೆಗೆ ತೋರಿಸಿಕೊಳ್ಳೋಕೆ ಅಂತ ನಮ್ಮಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಊಟ ಮಾಡಿ ಕೂತವನು ಕೂತಲ್ಲೇ ಹೋದ. ಡಾಕ್ಟರ್ ಬಂದು ನೋಡಿ ಪತ್ರ ಬರೆದುಕೊಟ್ಟರು. ಹತ್ತು ನಿಮಿಷದಲ್ಲಿ ಇಡೀ ಸೊಸೈಟಿ ನಮ್ಮ ಮನೆಯಲ್ಲಿತ್ತು. ಯಾರೋ ಮಗಳನ್ನ ತಮ್ಮ ಮನೆಗೆ ಕರಕೊಂಡು ಹೋದರು, ಯಾರೋ ನನ್ನ ಫೋನ್ ತಗೊಂಡು ನೆಂಟರಿಗೆ ತಿಳಿಸೋಕೆ ಕೂತರು. ಈ ವಿಷಯದಲ್ಲಿ ಪುಣೆ ಜನರ ಬಗ್ಗೆ ಯಾರು ಏನೇ ಅಂದರೂ ನಾನು ಒಪ್ಪಲ್ಲ.

ಕಾಕಾ ಬಂದು ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ವೈಕುಂಠಕ್ಕಾ, ಇಲ್ಲೇ ಹತ್ತಿರದ ಸ್ಮಶಾನಕ್ಕಾ? ತಿರಡಿಗೆ ಹೇಳಲಾ?" ವೈಕುಂಠ ಅಂದ್ರೆ ನವೀ ಪೇಠೆಯ ದೊಡ್ಡ ಸ್ಮಶಾನ. ತಿರಡಿ ಅಂದ್ರೆ ಬಿದಿರಿನ ಚಟ್ಟ. ನಾನು ತಲೆ ತಗ್ಗಿಸಿ ನಿಂತೆ. "ನಾವು ಸುಡೋದಿಲ್ಲ, ಕೂಡಿಸಿ ಮಣ್ಣು ಕೊಡ್ತೀವಿ" ಅನ್ನೋ ಮಾತು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು ಕನ್ನಡದಲ್ಲೇ ಹೇಳಿದಳು: "ಅವರನ್ನ ಮೊದಲ ಕುರ್ಚಿ ಮ್ಯಾಲ ಕುಂದ್ರಸು. ತಡಾ ಆದ್ರ ಮೈ ಸೆಟಗೊಳ್ತದ. ಊರಿಗೆ ಹೋಗೂದೈತಿ."

ಸತ್ತ ಕೆಲವೇ ಗಂಟೆಗಳಲ್ಲಿ ಶರೀರ ಬಿಗಿಯಾಗುತ್ತೆ. ನಮ್ಮಲ್ಲಿ ಶವವನ್ನ ಪದ್ಮಾಸನದಲ್ಲಿ ಕೂಡಿಸಿ ಸಮಾಧಿ ಮಾಡೋದು, ಹಾಗಾಗಿ ಮೊದಲೇ ಕೂಡಿಸಬೇಕು. ಪ್ಲ್ಯಾಸ್ಟಿಕ್ ಕುರ್ಚಿಯಲ್ಲಿ ಅಪ್ಪನನ್ನ ಕಾಲು ಮಡಚಿ ಕೂಡಿಸಿ, ಅವನದೇ ಧೋತರದಿಂದ ಕುರ್ಚಿಯ ಬೆನ್ನಿಗೆ ಕಟ್ಟಿದ್ವಿ. ಅವ್ವ ಹಣೆ ತುಂಬ ವಿಭೂತಿ ಹಚ್ಚಿದಳು. ಬಾಗಿಲ ಹತ್ತಿರ ನಿಂತವರಲ್ಲಿ ಒಬ್ಬಿಬ್ಬರು ಹಿಂದೆ ಸರಿದದ್ದು ಕಾಣಿಸ್ತು. ಕೂತ ಹೆಣವನ್ನ ಅವರು ಯಾವತ್ತೂ ನೋಡಿರಲಿಲ್ಲ.

ಆಗ ಕಾಕಾ ಮೆಲ್ಲಗೆ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಮ್ಹಣಜೇ, ತುಮಚ್ಯಾತ ಸಗಳ್ಯಾಂನಾಚ ಸಮಾಧಿ?" ಅಂದ್ರೆ, ನಿಮ್ಮಲ್ಲಿ ಎಲ್ಲರಿಗೂ ಸಮಾಧಿನೇನಾ?

ಆ ಪ್ರಶ್ನೆಯಲ್ಲಿ ಏನಿದೆ ಅಂತ ನನಗೆ ಆಮೇಲೆ ಹೊಳೀತು. ಅವರ ಲೆಕ್ಕದಲ್ಲಿ ಸಮಾಧಿ ಆಗೋದು ಸಂತರಿಗೆ. 1296ರಲ್ಲಿ ಆಳಂದಿಯಲ್ಲಿ ಜ್ಞಾನೇಶ್ವರರದ್ದು, ಇಲ್ಲೇ ರಸ್ತೆ ಪಕ್ಕದಲ್ಲಿ ಶಂಕರ ಮಹಾರಾಜರದ್ದು. ಸಂಸಾರಸ್ಥರಿಗೆ ಬೆಂಕಿ. ನಮ್ಮಲ್ಲಿ ನಾಲ್ಕು ಎಕರೆ ಲಿಂಬೆ ತೋಟ ಮಾಡಿಕೊಂಡಿದ್ದ, ದಿನಾ ಎಲೆ ಅಡಿಕೆ ಹಾಕ್ತಿದ್ದ ಮನುಷ್ಯನಿಗೂ ಸಮಾಧಿ. ನಾವೂ ಸತ್ತ ಅನ್ನಲ್ಲ, ಲಿಂಗೈಕ್ಯ ಆದ ಅಂತೀವಿ. ಚಿಕ್ಕಂದಿನಿಂದ ಕೇಳಿದ ಶಬ್ದ ಅದು, ಆದರೆ ಅದರ ತೂಕ ಗೊತ್ತಾಗಿದ್ದು ಒಬ್ಬ ಮರಾಠಿ ವಾರಕರಿ ಬೆರಗಾಗಿ ಕೇಳಿದಾಗ. "ಹೌದು ಕಾಕಾ, ಎಲ್ಲರಿಗೂ" ಅಂದೆ. ಅವರು ಅಪ್ಪನ ಮುಂದೆ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದರು. ಹಿಂದೆ ಸರಿದಿದ್ದವರೂ ಒಬ್ಬೊಬ್ಬರಾಗಿ ಬಂದು ಮಾಡಿದರು.

ನಮ್ಮದು ಹಳೇ ಕಟ್ಟಡ, ಲಿಫ್ಟು ಸಣ್ಣದು. ಯಾರಾದರೂ ತೀರಿಕೊಂಡರೆ ಮೆಟ್ಟಿಲ ಮೇಲೆ ಓರೆ ಮಾಡಿ ಇಳಿಸಬೇಕು, ಅದೊಂದು ಸಂಕಟ. ಅಪ್ಪ ಮಾತ್ರ ಕುರ್ಚಿಯಲ್ಲಿ ಕೂತು, ಜೊತೆಗೆ ಇಬ್ಬರನ್ನ ನಿಲ್ಲಿಸಿಕೊಂಡು, ಲಿಫ್ಟಿನಲ್ಲಿ ಇಳಿದ. ಆ ಹೊತ್ತಿನಲ್ಲೂ ನನಗೆ ಒಂಚೂರು ನಗು ಬಂತು.

ಹನ್ನೆರಡರ ಸುಮಾರಿಗೆ ಆಂಬುಲೆನ್ಸ್ ಹೊರಡ್ತು. ಕಾತ್ರಜ್, ಕೊಂಢವಾ, ಹಡಪ್ಸರ್, ಆಮೇಲೆ ಸೀದಾ ಸೊಲ್ಲಾಪುರ ರಸ್ತೆ. ಸುಮಾರು 250 ಕಿಲೋಮೀಟರ್. ಬೆಳಗಿನ ಜಾವ ಸೊಲ್ಲಾಪುರ ದಾಟುವಾಗ ಅವ್ವ "ಸಿದ್ಧರಾಮಯ್ಯನ ಊರು" ಅಂತ ಕೈಮುಗಿದಳು. ಸೊನ್ನಲಿಗೆಯ ಸಿದ್ಧರಾಮ. ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ದೊಡ್ಡ ಹೆಸರು ಮಾಡಿದ್ದವನು ಕಲ್ಯಾಣಕ್ಕೆ ಬಂದಾಗ, ಮೈಮೇಲೆ ಇಷ್ಟಲಿಂಗ ಇಲ್ಲ ಅಂತ ಅಲ್ಲಿ ಪ್ರಶ್ನೆ ಎದ್ದ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತೆ. ಕೊನೆಗೆ ಚನ್ನಬಸವಣ್ಣನಿಂದ ದೀಕ್ಷೆ ಆಗುತ್ತೆ. ಶರಣರ ನಡುವೆಯೂ ಸಿದ್ಧರಾಮ ಮೊದಲು ಹೊರಗಿನವನೇ. ಧೂಳಖೇಡದ ಹತ್ತಿರ ಭೀಮಾ ದಾಟುವಾಗ ಬೆಳಕು ಹರೀತಿತ್ತು. ನನ್ನ ಕೊರಳು ಖಾಲಿ ಇದೆ ಅಂತ ನೆನಪಾದದ್ದು ಆಗ.

ಊರಲ್ಲಿ ನಾನು ಅಂದುಕೊಂಡಂಗೇ ಆಯ್ತು. ಕುಣಿ ತೋಡಿ, ಒಳಗೆ ಕೂಡಿಸೋಕೆ ಗೂಡು ಮಾಡಿ, ವಿಭೂತಿ, ಬಿಲ್ವಪತ್ರಿ ಎಲ್ಲ ತಯಾರಿತ್ತು. ಅಪ್ಪನ ಎಡಗೈಯಲ್ಲಿ ಅವನ ಲಿಂಗ ಇಡೋ ಹೊತ್ತಿಗೆ ಅಯ್ಯನವರು ನನ್ನ ಕಡೆ ತಿರುಗಿ, "ನಿನ್ನ ಲಿಂಗ ಎಲ್ಲೈತೋ ತಮ್ಮಾ?" ಅಂದರು. ಜೋರಾಗಿ ಏನಲ್ಲ. ಆದರೆ ಊರವರೆಲ್ಲ ಅಲ್ಲೇ ನಿಂತಿದ್ರಲ್ಲ. "ಪುಣೇದಾಗ ಐತ್ರಿ, ಕಪಾಟಿನ್ಯಾಗ" ಅಂದೆ. ನನ್ನ ಚಿಕ್ಕಪ್ಪನ ಮಗ ಮುಂದೆ ಬಂದು ನಾನು ಮಾಡಬೇಕಾದ್ದನ್ನೆಲ್ಲ ಮಾಡಿದ. ನಾನು ಮಣ್ಣು ಹಾಕಿದೆ, ಅಷ್ಟೆ.

ಐದನೇ ದಿನ ಶಿವಗಣಾರಾಧನೆ. ಇದನ್ನೂ ಹೇಳಬೇಕು, ಇಲ್ಲಾಂದ್ರೆ ನಾನು ಮುಂದೆ ಹೇಳೋದು ಅರ್ಧ ಕಥೆಯಾಗುತ್ತೆ. ಕುಣಿ ತೋಡಿದವರು ಕೇರಿಯವರು. ಅವರ ಊಟದ ಸಾಲು ಬೇರೆ, ಅಂಗಳದಾಚೆ. ಯಾರೂ ಅವರಿಗೆ ಅಲ್ಲಿ ಕೂಡ್ರಿ ಅಂತ ಹೇಳಲಿಲ್ಲ, ಅವರೇ ಹೋಗಿ ಅಲ್ಲಿ ಕೂತರು. ನಾನೂ ಏನೂ ಹೇಳಲಿಲ್ಲ.

30ನೇ ತಾರೀಕು ಪುಣೆಗೆ ವಾಪಸ್ ಬಂದ್ವಿ. ಮಗಳ ಶಾಲೆ, ನನ್ನ ರಜೆ ಮುಗಿದಿತ್ತು. ಅವ್ವನನ್ನೂ ಕರಕೊಂಡು ಬಂದ್ವಿ. ಬಾಗಿಲು ತೆಗೆಯೋದೇ ತಡ, ಮೂರನೇ ಮಹಡಿಯ ಕಾಕೂ ಪಿಠಲೆ ಭಾಕರಿ ತಗೊಂಡು ಬಂದರು. ಅಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚಲ್ಲ, ನೆರೆಯವರೇ ಅಡುಗೆ ತಂದು ಕೊಡ್ತಾರೆ. ಅವ್ವ ಅಷ್ಟರಲ್ಲೇ ಒಲೆ ಮೇಲೆ ಅನ್ನಕ್ಕಿಟ್ಟಿದ್ದಳು. ಕಾಕೂ ಅದನ್ನ ನೋಡಿದರು, ಏನೂ ಅನ್ನಲಿಲ್ಲ. ನಾನೂ ವಿವರಿಸಲಿಲ್ಲ. ಮತ್ತೆ ಸುಮ್ಮನಿದ್ದೆ ನೋಡ್ರಿ.

ಮರುದಿನ 31, ಗಣೇಶ ಚತುರ್ಥಿ. ಸಂಜೆ ಆರತಿಯ ಗಂಟೆ ಕೇಳಿಸ್ತು. ಅವ್ವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೊಮ್ಮಗಳ ಕೈ ಹಿಡಕೊಂಡು ಕೆಳಗೆ ಇಳಿದಳು. ಮಂಟಪದ ಹತ್ತಿರ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದಲೇ ತಡೆದರಂತೆ. "ಆಜೀ, ನಿಮಗೆ ಸುತಕ ಇದೆಯಲ್ಲ, ಹದಿಮೂರು ದಿನ ಆಗಲಿ." ಅವ್ವನಿಗೆ ಗಡಿ ಕಡೆಯ ಮರಾಠಿ ಬರುತ್ತೆ. ನಗುತ್ತಲೇ "ಆಮ್ಹಾಲಾ ಸುತಕ ನಾಹೀ" ಅಂದಳು. ನಮಗೆ ಸೂತಕ ಇಲ್ಲ.

ಅಲ್ಲಿದ್ದವರೆಲ್ಲ ಸುಮ್ಮನಾದರಂತೆ. ಯಾಕೆ ಅಂತ ನನಗೆ ಆಮೇಲೆ ಕಾಕಾ ಬಿಡಿಸಿ ಹೇಳಿದರು. ಮರಾಠಿ ಮನೆಗಳಲ್ಲಿ "ನಮಗೆ ಸುತಕ ಇಲ್ಲ" ಅಂದರೆ ಸತ್ತವರು ನಮ್ಮ ಕುಲದವರಲ್ಲ, ನಮಗೆ ಅಂಟಿದವರಲ್ಲ ಅಂತ. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಎಂಟೇ ದಿನದಲ್ಲಿ ಹಬ್ಬಕ್ಕೆ ಬಂದು, ಗಂಡ ನನಗೆ ಏನೂ ಆಗಬೇಕಿಲ್ಲ ಅಂದಹಾಗೆ ಅವರಿಗೆ ಕೇಳಿಸಿತ್ತು.

ಅವ್ವ ಹೇಳಿದ್ದು ಬೇರೆಯೇ. ಶರಣರು ಐದು ಸೂತಕ ಅಲ್ಲಗಳೆದರು: ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲದು, ಜಾತಿಯದು. ಮೈಮೇಲೆ ಲಿಂಗ ಇರುವಾಗ ಮೈಲಿಗೆ ಎಲ್ಲಿಂದ ಬಂತು ಅನ್ನೋದು ಅದರ ತಿರುಳು. ಅವ್ವ ಹೆರಿಗೆಯಾದಾಗಲೂ ಲಿಂಗಪೂಜೆ ಬಿಟ್ಟವಳಲ್ಲ, ಮುಟ್ಟಾದಾಗಲೂ ಬಿಟ್ಟವಳಲ್ಲ. ಅಪ್ಪ ಹೋದ ರಾತ್ರಿಯೂ ಅಂಬುಲೆನ್ಸ್ ಬರೋ ಮುಂಚೆ ಅಡುಗೆಮನೆಯಲ್ಲಿ ಕೂತು ಪೂಜೆ ಮಾಡಿದ್ದಳು. ಅವಳಿಗೆ ಅದು ದುಃಖ ಕಡಿಮೆಯಾದ ಗುರುತಲ್ಲ, ಹಿಡಕೊಳ್ಳೋಕೆ ಇದ್ದದ್ದೇ ಅದೊಂದು.

ಅವ್ವ ಮೇಲೆ ಬಂದು ಜೋಳದ ಹಿಟ್ಟು ನಾದೋಕೆ ಕೂತಳು. ಏನಾಯ್ತು ಅಂತ ಹೇಳಿದ್ದು ಮಗಳು. "ಪಪ್ಪಾ, ಆಯಿಗೆ ಯಾಕ ಬ್ಯಾಡ ಅಂದ್ರು?" ಅದೇ ಹೊತ್ತಿಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು, ಸುತಕ ಇರೋರು ದಯವಿಟ್ಟು ಮಂಟಪದೊಳಗೆ ಬರಬೇಡಿ ಅಂತ. ಹೆಸರಿರಲಿಲ್ಲ. ಅಷ್ಟೂ ಮನೆಗಳಲ್ಲಿ ಆ ವಾರ ಸಾವಾಗಿದ್ದು ನಮ್ಮಲ್ಲೊಂದೇ.

ನಾಲ್ಕು ಸಲ ಉತ್ತರ ಟೈಪ್ ಮಾಡಿದೆ. ಒಂದರಲ್ಲಿ ಸಿಟ್ಟು, ಒಂದರಲ್ಲಿ ಇತಿಹಾಸ: ಬಸವಣ್ಣ ಬಿಜ್ಜಳನ ಕರಣಿಕನಾಗಿದ್ದ ಮಂಗಳವೇಢೆ ನಿಮ್ಮ ಸೊಲ್ಲಾಪುರ ಜಿಲ್ಲೆಯಲ್ಲೇ ಇದೆ, ಅಂತೆಲ್ಲ. ಅಳಿಸಿದೆ. ಕೆಳಗೆ ಕಾಕಾ ಮನೆಗೆ ಹೋದೆ.

ಕಾಕಾ ಕೇಳಿಸಿಕೊಂಡರು. ಆಮೇಲೆ ಅಂದದ್ದನ್ನ ಕನ್ನಡದಲ್ಲಿ ಹೇಳ್ತೀನಿ. "ಒಂಬತ್ತು ವರ್ಷ ಇಲ್ಲಿದ್ದೀಯ. ಸತ್ಯನಾರಾಯಣಕ್ಕೆ ಕೂತಿದ್ದೀಯ. ಕೇಳಿದಾಗೆಲ್ಲ ಸಗಳಂ ಸೇಮ್ ಅಂದೆ. ಅವರಿಗೆ ಹೇಗೆ ಗೊತ್ತಾಗಬೇಕು? ನೀನು ಹೇಳಿದ್ದನ್ನೇ ನಂಬಿದರು." ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೇ ನಿಲ್ಲಿಸಲಿಲ್ಲ ಅವರು. "ಇನ್ನೊಂದು. ನನ್ನ ಮನೆಯಲ್ಲಿ ಸಾವಾದರೆ ನಾನೂ ಮಂಟಪಕ್ಕೆ ಹೋಗಲ್ಲ. ನಿಮ್ಮ ತಾಯಿಗೆ ಅವಮಾನ ಮಾಡೋಕೆ ಮಾಡಿದ ನಿಯಮ ಅಲ್ಲ. ಪಿಠಲೆ ತಂದುಕೊಟ್ಟ ಕೈಯೇ ಅವರನ್ನ ತಡೆದಿದ್ದು. ಎರಡೂ ಒಂದೇ ನಿಯಮ."

ಇದನ್ನ ನಾನು ಬಹಳ ದಿನ ಯೋಚನೆ ಮಾಡಿದೀನಿ. ಸೂತಕ ಅನ್ನೋದು ಹೊರಗಿಡೋದೂ ಹೌದು, ಸಾವಾದ ಮನೆಗೆ ಹದಿಮೂರು ದಿನ ಕೆಲಸದಿಂದ ಬಿಡುವು ಕೊಡೋದೂ ಹೌದು. ಆದರೆ ಕಾಕಾ ಹೇಳಿದ್ದನ್ನ ಪೂರ್ತಿ ಒಪ್ಪೋಕೂ ಆಗಲ್ಲ. ಕಾಕಾ ಹೊರಗೆ ನಿಂತರೆ ತನ್ನ ನಂಬಿಕೆಗಾಗಿ ನಿಲ್ತಾರೆ. ಅವ್ವ ನಿಂತದ್ದು ಬೇರೆಯವರ ನಂಬಿಕೆಗಾಗಿ. ಇದನ್ನ ಅವರಿಗೂ ಹೇಳಿದೆ. "ಅದೂ ಖರೆ" ಅಂದರು. ಪಂಢರಪುರದಲ್ಲಿ ಚೋಖಾಮೇಳನ ಸಮಾಧಿ ಗುಡಿಯ ಬಾಗಿಲಾಚೆ ಇದೆ, ಜೀವ ಇರೋವರೆಗೂ ಒಳಗೆ ಬಿಡಲಿಲ್ಲ, ಪ್ರತಿ ವಾರಿಯಲ್ಲೂ ಅಲ್ಲಿ ಹಣೆ ಹಚ್ಚಿಯೇ ನಾನು ಒಳಗೆ ಹೋಗ್ತೀನಿ ಅಂದರು. ಯಾಕೆ ಹೇಳಿದರೋ, ಮುಂದೆ ಏನೂ ಅನ್ನಲಿಲ್ಲ. ನನಗೆ ನಮ್ಮ ಅಂಗಳದಾಚೆಯ ಊಟದ ಸಾಲು ನೆನಪಾಯ್ತು. ಅದನ್ನ ಕಾಕಾಗೆ ಹೇಳಲಿಲ್ಲ.

ವಾಟ್ಸಾಪಿನಲ್ಲಿ ಕೊನೆಗೆ ಆರು ಸಾಲು ಬರೆದೆ. ನಾವು ಲಿಂಗಾಯತರು, ನಮ್ಮಲ್ಲಿ ಹೀಗೆ, ಅವ್ವ ಹೇಳಿದ ಮಾತಿನ ಅರ್ಥ ಇದು, ಇಷ್ಟು ವರ್ಷ ಹೇಳದೇ ಇದ್ದದ್ದು ನನ್ನ ತಪ್ಪು. ಕೆಲವರು ಕೈಮುಗಿಯೋ ಚಿತ್ರ ಹಾಕಿದರು. ಇಬ್ಬರು ಮನೆಗೇ ಬಂದು ಮಾತಾಡಿದರು. ಒಬ್ಬರು ಅವತ್ತಿನಿಂದ ನನ್ನ ಜೊತೆ ಲಿಫ್ಟಿನಲ್ಲಿ ಮಾತಾಡಲ್ಲ, ಇವತ್ತಿಗೂ.

ಸೆಪ್ಟೆಂಬರ್ 9, ಅನಂತ ಚತುರ್ದಶಿ. ಹದಿಮೂರು ದಿನ ಮುಗಿದು ಮೇಲೆ ನಾಲ್ಕು ದಿನವಾಗಿತ್ತು. ಹೆಣ್ಣುಮಕ್ಕಳು ಗುಂಪಾಗಿ ಬಂದು, "ಆಜೀ, ಈಗ ಮುಗೀತಲ್ಲ, ವಿಸರ್ಜನೆಗೆ ಬನ್ನಿ" ಅಂದರು. ಮನಸಾರೆ ಕರೆದರು, ಅದರಲ್ಲಿ ಅನುಮಾನ ಇಲ್ಲ. ಅವ್ವ ಅವರಿಗೆ ಚಹಾ ಕೊಟ್ಟಳು. ನನ್ನ ಕಡೆ ತಿರುಗಿ, "ಹೇಳ ಅವರಿಗೆ. ಅವತ್ತ ನನಗ ಏನೂ ಇರಲಿಲ್ಲ. ಇವತ್ತ ಮುಗದದ್ದರ ಏನು?" ಅಂದಳು. ಮೊಮ್ಮಗಳನ್ನ ಕಳಿಸಿದಳು, ತಾನು ಹೋಗಲಿಲ್ಲ. ನಾನು ಅದನ್ನ ಮರಾಠಿಯಲ್ಲಿ ಹೇಳಿದೆ. ಮೆದು ಮಾಡದೆ ಹೇಳಿದ್ದು ಅದೇ ಮೊದಲು.

ನಾನು ಕಪಾಟಿನಿಂದ ಲಿಂಗ ತೆಗೆದು ಕಟ್ಟಿಕೊಂಡೆನಾ ಅಂತ ನೀವು ಕೇಳಬಹುದು. ಇಲ್ಲ. ಅವ್ವನೂ ಕೇಳಿಲ್ಲ.

ಮರುವರ್ಷ ಬಸವ ಜಯಂತಿಗೆ ಅವ್ವ ಆ ಪಿಠಲೆ ತಂದಿದ್ದ ಕಾಕೂನ ಕರೆದಳು. ಕಾಕೂ ಬಂದಾಗ ಅವ್ವ ಇನ್ನೂ ಪೂಜೆಯಲ್ಲಿದ್ದಳು, ಎಡ ಅಂಗೈಯಲ್ಲಿ ಲಿಂಗ, ಮೇಲೊಂದು ಹೂವು. ಕಾಕೂ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರು. ಪೂಜೆ ಮುಗಿದ ಮೇಲೆ ಬಹಳ ಭಕ್ತಿಯಿಂದ, ಒಂದ್ಸಲ ಮುಟ್ಟಿ ನಮಸ್ಕಾರ ಮಾಡಲಾ ಅಂತ ಕೈ ಮುಂದೆ ಮಾಡಿದರು.

ಅವ್ವ ಅಂಗೈ ಮುಚ್ಚಿದಳು. "ಬ್ಯಾಡವಾ. ಇದನ್ನ ಬ್ಯಾರೆಯವರು ಮುಟ್ಟೂದಿಲ್ಲ."

ಕಾಕೂ ಕೈ ಹಿಂದಕ್ಕೆ ತಗೊಂಡರು. ನನ್ನ ಮುಖ ನೋಡಿದರು, ಅನುವಾದಕ್ಕೆ. ನಾನು ಹೇಳೋ ಮುಂಚೆನೇ ಅವರಿಗೆ ಅರ್ಥ ಆಗಿತ್ತು ಅನ್ಸುತ್ತೆ. "ಅಸಂ ಕಾಯ," ಅಂದರು. ಹಾಗೇನು. ಅವ್ವ ಲಿಂಗವನ್ನ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಎದ್ದು ಹೋಗಿ ಹೋಳಿಗೆ ತಂದಳು. ಕಾಕೂ ಎರಡು ತಿಂದು, ಮನೆಗೂ ಎರಡು ಕಟ್ಟಿಸಿಕೊಂಡು ಹೋದರು.